ಅಕ್ಕನ ಮನೆಯ ಮೇಲಿನ ಆಕಾಶ

ಸಂಕ್ರಾಂತಿಯ ಮಾರನೇ ದಿನ ಸ್ಕೂಲಿಗೆ ರಜೆ ಹಾಕಿ ಅಕ್ಕನ ಮನೆಯಲ್ಲೇ ಉಳಿದುಕೊಂಡಿದ್ದೆ. ಹಿತ್ತಲಿನ ಹಲಸಿನ ಮರದ ನೆರಳಲ್ಲಿ ಚಾಪೆ ಹಾಸಿಕೊಂಡು ನಾವಿಬ್ಬರೂ ನೆನೆಹಾಕಿದ ಅವರೆಕಾಳನ್ನು ಹಿಸುಕುತ್ತಿದ್ದೆವು. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಸಿಪ್ಪೆ ಬಿಟ್ಟು ಪುಳಕ್ಕನೆ ಬಟ್ಟಲಿಗೆ ಹಾರುತ್ತದೆ. ಮಾತಾಡುತ್ತಾ ಮಾಡುವ ಕೆಲಸ ಅದು. ಅಕ್ಕ ಯಾರದೋ ಮದುವೆಯಲ್ಲಿ ಸಾರು ಸಾಲದೆ ಹೋದ ಕತೆ ಹೇಳುತ್ತಿದ್ದಳು. ಅರ್ಧ ಮಾತಿಗೆ ತಲೆಯ ಮೇಲೆ ದಪ್ಪ ಬಟ್ಟೆಯನ್ನು ಒಂದೇ ಎಳೆತಕ್ಕೆ ಹರಿದ ಹಾಗೆ ಸದ್ದಾಯಿತು. ನಾನು ತಲೆ ಎತ್ತುವಷ್ಟರಲ್ಲಿ ಬೂದು ಬಣ್ಣದ ವಿಮಾನವೊಂದು ತೆಂಗಿನ ಮರಗಳಾಚೆ ಹೋಗಿಯೇ ಬಿಟ್ಟಿತ್ತು. ಸದ್ದು ಮಾತ್ರ ಇನ್ನೂ ನಮ್ಮ ಮೇಲೆ ಇತ್ತು. ಅಕ್ಕನ ಮಡಿಲಿನ ಬಟ್ಟಲು ಮಗುಚಿ ಬೇಳೆಯೆಲ್ಲಾ ಮಣ್ಣಿಗೆ ಬಿತ್ತು. ಅವಳು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು.

ಆಮೇಲೆ ಕೆರೆಯ ಕಡೆಯಿಂದ ನವಿಲುಗಳು ಕೂಗಿದವು. ಒಂದಲ್ಲ, ಇದ್ದಬದ್ದವೆಲ್ಲಾ. ಅವುಗಳ ಹಿಂದೆಯೇ ಊರಿನ ನಾಯಿಗಳು.

ಭಾವ ಮಾತ್ರ ಅಂಗಿ ಕೂಡ ಹಾಕಿಕೊಳ್ಳದೆ ಮೆಟ್ಟಿಲು ಹತ್ತಿ ತಾರಸಿಗೆ ಓಡಿದರು. ಕೆಳಗೆ ಬಂದಾಗ ಅವರ ಮುಖ ಹಬ್ಬದ ಮುಖವಾಗಿತ್ತು.

"ಜೆಟ್ ಟ್ರೈನರ್ ಕಣಮ್ಮ! ಹುಡುಗ್ರು ಕಲಿಯೋ ವಿಮಾನ. ಎಷ್ಟು ವರ್ಷ ಆಯ್ತು ಇಷ್ಟು ಹತ್ರದಿಂದ ನೋಡಿ!"

ಅಕ್ಕ ಮಣ್ಣಿನಿಂದ ಬೇಳೆ ಆರಿಸುತ್ತಿದ್ದಳು. "ನೋಡಿ ಆಯ್ತಲ್ಲ. ಹೋಗಿ ಸ್ವಲ್ಪ ನೀರು ತನ್ನಿ, ಇದನ್ನ ತೊಳೀಬೇಕು" ಎಂದಳು. ಭಾವನಿಗೆ ಕೇಳಿಸಲಿಲ್ಲ. ಅವಳು ಮತ್ತೊಮ್ಮೆ ಕೂಗಿ ಹೇಳಿದಳು.

ಭಾವ ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿದ್ದವರು. ಮೀಸೆ ಸರಿಯಾಗಿ ಮೂಡುವ ಮುಂಚೆ ಸೇರಿ, ಯೌವನವನ್ನೆಲ್ಲಾ ಓಡುವ ಇಂಜಿನ್‌ಗಳ ಪಕ್ಕದಲ್ಲಿ ನಿಂತು ಕಳೆದರು. ಎಡಗಿವಿ ಅಲ್ಲೇ ಹೋಯಿತು. ಬಲಗಿವಿ ಅರ್ಧ ಉಳಿಯಿತು. ಅದನ್ನು ಅವರು ಯಾವತ್ತೂ ದೂರಾಗಿ ಹೇಳಿದ್ದಿಲ್ಲ. "ಅಷ್ಟು ಕೊಟ್ಟು ಬಂದೆ" ಎನ್ನುತ್ತಿದ್ದರು, ದೇವಸ್ಥಾನಕ್ಕೆ ಮುಡಿ ಕೊಟ್ಟು ಬಂದವರ ಹಾಗೆ. ಅಕ್ಕ ಅವರ ಜೊತೆ ಅಸ್ಸಾಮಿನಲ್ಲಿ ಇದ್ದಳು, ರಾಜಸ್ಥಾನದಲ್ಲಿ ಇದ್ದಳು, ಪಂಜಾಬಿನ ಚಳಿಯಲ್ಲಿ ಇದ್ದಳು. ರನ್‌ವೇ ಪಕ್ಕದ ಕ್ವಾರ್ಟರ್ಸ್‌ನಲ್ಲಿ ಒಲೆಯ ಮೇಲಿನ ಪಾತ್ರೆ ತಾನಾಗಿ ನಡುಗುವುದನ್ನು ನೋಡುತ್ತಾ ಅಡುಗೆ ಮಾಡಿದವಳು. ಮಕ್ಕಳಾಗಲಿಲ್ಲ. ನಮ್ಮ ತಾಯಿ ತೀರಿಕೊಂಡ ಮೇಲೆ ನನ್ನ ಓದಿನ ಹೊಣೆಯನ್ನು ಅವಳೇ ಹೊತ್ತಳು. ರಜೆಗೆ ನಾನು ಹೋದಾಗಲೆಲ್ಲಾ ಒಂದೇ ಮಾತು ಹೇಳುತ್ತಿದ್ದಳು: "ಇವರು ರಿಟೈರ್ ಆದ್ಮೇಲೆ ಸದ್ದಿಲ್ಲದ ಜಾಗದಲ್ಲಿ ಮನೆ ಮಾಡ್ಬೇಕು ಕಣೇ. ಇನ್ನೇನೂ ಬೇಡ ನಂಗೆ."

ಆ ಮನೆಯೇ ಇದು. ಕೆಂಗೇರಿ ದಾಟಿ ಬಸ್ಸಿನಲ್ಲಿ ಇನ್ನೂ ಮುಂದೆ ಹೋದರೆ ಸಿಗುವ ಭಾವನ ಊರು. ಅಣ್ಣತಮ್ಮಂದಿರೆಲ್ಲಾ ತಮ್ಮ ತಮ್ಮ ಪಾಲಿನ ಹೊಲಗಳನ್ನು ಲೇಔಟಿಗೆ ಕೊಟ್ಟುಬಿಟ್ಟಿದ್ದರು. ಭಾವ ಕೆರೆಯ ಕಡೆಗಿದ್ದ ತುಂಡು ಜಮೀನನ್ನು ಉಳಿಸಿಕೊಂಡು, ಹೆಂಡತಿಗೆ ಕೊಟ್ಟ ಮಾತಿನಂತೆ ಅಲ್ಲಿ ಮನೆ ಕಟ್ಟಿಸಿದರು. ಮುಂದೆ ಕನಕಾಂಬರ, ಹಿಂದೆ ಹಲಸು, ಪಕ್ಕದಲ್ಲಿ ಒಂದು ಸೀಮೆಹಸುವಿನ ಕೊಟ್ಟಿಗೆ. ಕೆರೆಯ ಒಂದು ಮೂಲೆಗೆ ಲೇಔಟಿನ ಕೊಚ್ಚೆ ಸೇರುತ್ತಿದ್ದರೂ ಇನ್ನೊಂದು ಮೂಲೆಯಲ್ಲಿ ನೀರು ತಿಳಿಯಾಗಿಯೇ ಇತ್ತು. ಅಲ್ಲಿ ನೀರಿಗೆ ಬಾಗಿದ ಜಾಲಿ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುತ್ತಿದ್ದವು. ಅಕ್ಕ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲ ಕಲ್ಲಿನ ಮೇಲೆ ಕೂತರೆ ಆ ಮರಗಳು ಕಾಣುತ್ತಿದ್ದವು. ಕೆಲವು ವರ್ಷ ಅವಳು ಬಯಸಿದ ಹಾಗೆಯೇ ಬದುಕಿದಳು.

ಆ ಸಂಕ್ರಾಂತಿಯ ನಂತರ ವಿಮಾನಗಳು ದಿನವೂ ಬರತೊಡಗಿದವು. ಭಾನುವಾರ ಬಿಟ್ಟು. ನಾನು ವಿಜಯನಗರದಲ್ಲಿ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ನನ್ನ ಮನೆಯೂ ಅಲ್ಲೇ, ಅತ್ತಿಗುಪ್ಪೆ ಮೆಟ್ರೋಗೆ ನಡೆದು ಹೋಗುವಷ್ಟು ಹತ್ತಿರ. ನಮ್ಮ ಕಡೆ ಈ ಸದ್ದು ಬರುತ್ತಲೇ ಇರಲಿಲ್ಲ. ಪೇಪರಿನ ಒಳಪುಟದಲ್ಲಿ ಒಂದು ಪುಟ್ಟ ಸುದ್ದಿ ಓದಿದ್ದೆ: ಸೇನಾ ತರಬೇತಿಗೆ ಮೀಸಲಾದ ವಾಯುಪ್ರದೇಶವನ್ನು ನಗರದ ಪಶ್ಚಿಮಕ್ಕೆ ವಿಸ್ತರಿಸಲಾಗಿದೆ ಎಂದು. ಓದಿ ಪುಟ ತಿರುಗಿಸಿದ್ದೆ. ವಾಯುಪ್ರದೇಶ ಎಂದರೆ ಅಕ್ಕನ ಹಲಸಿನ ಮರದ ಮೇಲಿರುವುದೇ ಎಂದು ನನಗೆ ಹೊಳೆದಿರಲಿಲ್ಲ.

ಫೆಬ್ರವರಿಯಲ್ಲಿ ಹೋದಾಗ ಅಕ್ಕ ಇಳಿದುಹೋಗಿದ್ದಳು. ಬೆಳಗಿನ ಹಾರಾಟ ಶುರುವಾಗುವ ಮುಂಚೆಯೇ ಎಚ್ಚರವಾಗಿ, ಬರುತ್ತದೆ ಬರುತ್ತದೆ ಎಂದು ಕಾಯುತ್ತಾ ಮಲಗಿರುತ್ತಿದ್ದಳಂತೆ. ಕೈ ಜಾರಿ ಎರಡು ಗಾಜಿನ ಲೋಟ, ಒಂದು ಉಪ್ಪಿನಕಾಯಿ ಭರಣಿ ಒಡೆದಿದ್ದವು.

"ಬಂದಾಗ ಅಷ್ಟು ಕಷ್ಟ ಅಲ್ಲ ಕಣೇ" ಎಂದಳು. "ಬರೋಕೆ ಮುಂಚೆ ಇರತ್ತಲ್ಲ, ಅದು. ಎದೆ ಹೊಡ್ಕೊಳ್ಳೋದು ನಿಲ್ಲೋದೇ ಇಲ್ಲ."

"ಕ್ವಾರ್ಟರ್ಸ್‌ನಲ್ಲಿ ಇದ್ದೆಯಲ್ಲ ಅಕ್ಕ, ಅಷ್ಟು ವರ್ಷ?"

"ಆವಾಗ ಇದೆಲ್ಲಾ ಒಂದು ದಿನ ಮುಗಿಯತ್ತೆ ಅಂತ ಇತ್ತು."

ಕೆರೆಯ ಕಡೆ ನೋಡಿದೆ. ಜಾಲಿ ಮರಗಳ ಮೇಲೆ ಹಕ್ಕಿಗಳಿದ್ದವು, ಆದರೆ ಕೂತಿರಲಿಲ್ಲ. ಒಂದು ಸುತ್ತು ಎದ್ದು ಹಾರುವುದು, ಇಳಿಯುವುದು, ಇಳಿದು ರೆಕ್ಕೆ ಮಡಚುವ ಮುಂಚೆ ಮತ್ತೆ ಏಳುವುದು. ವಿಮಾನ ಹೋಗಿ ಬಹಳ ಹೊತ್ತಾಗಿದ್ದರೂ ಹಾಗೆಯೇ. ಅವುಗಳ ಗೂಡಿನ ಕೆಳಗೆ ನೀರಿನಲ್ಲಿ ಮರಿಗಳು ಬಿದ್ದಿರುತ್ತವೆ ಎಂದು ಅಕ್ಕ ಹೇಳಿದಳು. ದೊಡ್ಡವು ಗಾಬರಿಯಿಂದ ಒಟ್ಟಿಗೆ ಎದ್ದಾಗ ಕಾಲಿಗೆ ಸಿಕ್ಕಿ ಉರುಳಿ ಬೀಳುತ್ತವಂತೆ. ಮೊದಮೊದಲು ಅವಳು ಕೋಲಿನಲ್ಲಿ ಎಳೆದು ಬದುಕಿದ್ದವನ್ನು ಬುಟ್ಟಿಯಲ್ಲಿಟ್ಟು ನೋಡಿದಳು. ಒಂದೂ ಉಳಿಯಲಿಲ್ಲ. ಆಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟಳು.

ಭಾವನಿಗೆ ಮಾತ್ರ ಆ ದಿನಗಳು ಬೇರೆಯೇ ಆಗಿದ್ದವು. ತಾರಸಿಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡಿದ್ದರು. ತಿರುವು ಹೇಗೆ ತೆಗೆದುಕೊಂಡಿತು, ಒಳಗೆ ಕೂತಿರುವ ಹುಡುಗ ಹೊಸಬನೋ ಹಳಬನೋ ಎಂದೆಲ್ಲಾ ಊಟಕ್ಕೆ ಕೂತಾಗ ವಿವರಿಸುತ್ತಿದ್ದರು. ಸದ್ದು ಅವರಿಗೂ ತಿಳಿಯುತ್ತಿತ್ತು, ಆದರೆ ಎದೆಯಲ್ಲಿ ಗುಮ್ಮೆನ್ನುವ ಹಾಗೆ, ದೂರದ ತಮಟೆಯ ಹಾಗೆ. ಅದು ಅವರಿಗೆ ಹಿತವಾಗಿಯೇ ಇತ್ತು. ಅಕ್ಕ ಕಷ್ಟ ಹೇಳಿಕೊಂಡರೆ ಅವರು ಸಿಟ್ಟಾಗುತ್ತಿರಲಿಲ್ಲ, ಸಮಾಧಾನ ಮಾಡುತ್ತಿದ್ದರು. ಅದೇ ಅವಳಿಗೆ ಸಿಟ್ಟು ತರಿಸುತ್ತಿತ್ತು.

"ಎಲ್ಲಾದ್ರೂ ಒಂದು ಕಡೆ ಕಲೀಬೇಕಲ್ವೇನೇ ಆ ಮಕ್ಳು? ನಮ್ಮೂರಿನ ಮೇಲೆ ಬೇಡ ಅಂದ್ರೆ ಇನ್ನೊಬ್ಬರ ಊರಿನ ಮೇಲೆ. ಅಲ್ಲೂ ನಿನ್ನಂಥೋಳು ಒಬ್ಬಳು ಇರ್ತಾಳೆ."

"ಇರ್ಲಿ ರೀ. ಅವಳ ಗಂಡನಾದ್ರೂ ಅವಳ ಕಡೆ ಮಾತಾಡ್ಲಿ."

ಹಸುವಿಗೆ ಆಗ ತುಂಬು ಗಬ್ಬ. ಅಕ್ಕ ಅದನ್ನು ಕರುವಾಗಿದ್ದಾಗಿನಿಂದ ಸಾಕಿದ್ದಳು. ಮಾರ್ಚಿನ ಒಂದು ಬೆಳಿಗ್ಗೆ ಅವಳು ಕೊಟ್ಟಿಗೆಯಲ್ಲಿ ಬೂಸಾ ಕಲಸುತ್ತಿದ್ದಾಗ ಒಂದರ ಹಿಂದೆ ಒಂದು ಎರಡು ವಿಮಾನ ತೀರ ಕೆಳಗೆ ಬಂದವು. ಮೊದಲನೆಯದಕ್ಕೆ ಹಸು ಹಗ್ಗ ಎಳೆಯಿತು, ಎರಡನೆಯದಕ್ಕೆ ಹಗ್ಗ ಕಿತ್ತುಕೊಂಡು ಹೊರಗೆ ನುಗ್ಗಿ ಚರಂಡಿಯ ಅಂಚಿನಲ್ಲಿ ಮುಗ್ಗರಿಸಿತು. ಹೊಟ್ಟೆಯಡಿಯಾಗಿ ಬಿತ್ತು. ಭಾವ ತಾರಸಿಯಲ್ಲಿದ್ದರು. ಅಕ್ಕ ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಪಕ್ಕದ ಮನೆಯ ಅಜ್ಜ ಮತ್ತು ಅವರ ಸೊಸೆ ಓಡಿ ಬಂದು ಹಸುವನ್ನು ಎಬ್ಬಿಸಿದರು. ಸಾಯಂಕಾಲದ ಹೊತ್ತಿಗೆ ಅದು ಕಂದು ಹಾಕಿತು. ಸತ್ತು ಹುಟ್ಟಿದ ಹೆಣ್ಣು ಕರು. ಮೈಮೇಲೆ ಕೂದಲು ಪೂರ್ತಿ ಬಂದಿತ್ತಂತೆ.

ಅಕ್ಕ ಫೋನಿನಲ್ಲಿ ಇಷ್ಟನ್ನು ಹೇಳಿ ಇಟ್ಟುಬಿಟ್ಟಳು. ಸ್ಕೂಲು ಮುಗಿಸಿಕೊಂಡು ಮಾರನೇ ದಿನ ಹೋದೆ. ಪಶುವೈದ್ಯರು ಬಂದಿದ್ದರು. ಒಳ್ಳೆಯ ಮನುಷ್ಯ, ಹಸುವಿನ ಹೊಟ್ಟೆ ಸವರಿ ಸವರಿ ನೋಡುತ್ತಿದ್ದರು.

"ವಿಮಾನದ ಸದ್ದಿಂದಾನೇ ಹೀಗಾಯ್ತು ಅಂತ ಬರೆದುಕೊಡಿ ಸಾರ್" ಎಂದಳು ಅಕ್ಕ.

"ಅಮ್ಮಾ, ನಾನು ಬಿದ್ದಿದ್ದಕ್ಕೆ ಹೀಗಾಯ್ತು ಅಂತ ಬರೀಬಹುದು. ಯಾಕೆ ಬಿತ್ತು ಅಂತ ನಾನು ನೋಡಿಲ್ಲ. ಕಂದು ಹಾಕೋ ರೋಗ ಇದ್ದರೂ ಇರಬಹುದು, ರಕ್ತ ತಗೊಂಡು ಹೋಗ್ತೀನಿ."

"ನಾನು ನೋಡಿದೀನಲ್ಲ."

ವೈದ್ಯರು ತಲೆ ತಗ್ಗಿಸಿ ಕೈ ತೊಳೆದುಕೊಂಡರು. ರೋಗವೇನೂ ಇಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಅದರಿಂದ ಯಾವುದೂ ಸಾಬೀತಾಗಲಿಲ್ಲ. ಭಾವ ಕೊಟ್ಟಿಗೆಯ ಬಾಗಿಲಲ್ಲಿ ನಿಂತೇ ಇದ್ದರು. ಆ ದಿನ ಪೂರ್ತಿ ತಾರಸಿಗೆ ಹೋಗಲಿಲ್ಲ. ಕರುವನ್ನು ಹಲಸಿನ ಬುಡದಲ್ಲಿ ಹೂತವರೂ ಅವರೇ.

ಊರಿನಲ್ಲಿ ಗೊಣಗಾಟ ಜೋರಾಯಿತು. ಒಬ್ಬರ ಮನೆಯಲ್ಲಿ ಹಸುಗೂಸು ಬೆಚ್ಚಿ ಬೆಚ್ಚಿ ಹಾಲು ಕುಡಿಯುವುದನ್ನೇ ಬಿಟ್ಟಿತ್ತು. ಇನ್ನೊಬ್ಬರ ಹೊಸ ಮನೆಯ ಗೋಡೆ ಬಿರುಕು ಬಿಟ್ಟಿತ್ತು. ಅದು ಮೇಸ್ತ್ರಿಯ ತಪ್ಪೋ ವಿಮಾನದ್ದೋ ಹೇಳುವವರಿರಲಿಲ್ಲ. ಊರಿನ ಹಿರಿಯರು ಓಡಾಡಿ, ಕೊನೆಗೆ ಒಂದು ಸಭೆ ಗೊತ್ತಾಯಿತು. ವಾಯುಪಡೆಯ ಕಡೆಯಿಂದ ಒಬ್ಬ ಅಧಿಕಾರಿ ಬಂದು ಜನರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ ಎಂದರು.

ಸಭೆಯ ಹಿಂದಿನ ದಿನ ನಾನು ಅಲ್ಲಿಯೇ ಇದ್ದೆ. ಅಕ್ಕ ಭಾವನ ಎದುರು ಕೂತು, ಅವರ ಬಲಗಿವಿಯ ಹತ್ತಿರಕ್ಕೆ ಬಾಗಿ ನಿಧಾನವಾಗಿ ಹೇಳಿದಳು.

"ನಾನು ನಿಮ್ಮನ್ನ ಯಾವತ್ತೂ ಏನೂ ಕೇಳಿಲ್ಲ. ನಾಳೆ ನೀವು ಎದ್ದು ನಿಂತು ಮಾತಾಡ್ಬೇಕು. ನಿಮ್ಮ ಮಾತಿಗೆ ಅವರು ಬೆಲೆ ಕೊಡ್ತಾರೆ. ನಿಲ್ಲಿಸಿ ಅನ್ಬೇಡಿ. ಇನ್ನೂ ಸ್ವಲ್ಪ ಮೇಲೆ ಹಾರ್ಸಿ, ಕೆರೆ ಮೇಲೆ ಬರ್ಬೇಡಿ, ಅಷ್ಟು ಹೇಳಿ ಸಾಕು."

"ಹೇಳ್ತೀನಿ" ಎಂದರು ಭಾವ. "ಖಂಡಿತ ಹೇಳ್ತೀನಿ ಕಣೇ."

ಸಭೆಗೆ ಅವರು ತಮ್ಮ ಹಳೆಯ ನೀಲಿ ಕೋಟು ಹಾಕಿಕೊಂಡರು. ಎದೆಯ ಮೇಲೆ ಪದಕಗಳನ್ನು ಅಕ್ಕನೇ ಚುಚ್ಚಿಕೊಟ್ಟಳು. ಸಮುದಾಯ ಭವನ ತುಂಬಿತ್ತು. ಬಂದ ಅಧಿಕಾರಿ ಸಣ್ಣ ವಯಸ್ಸಿನ ಹೆಣ್ಣುಮಗಳು, ಕನ್ನಡದವಳೇ. ನಾನು ಯಾರೋ ಬಿರುಸಿನ ಮನುಷ್ಯನನ್ನು ನಿರೀಕ್ಷಿಸಿದ್ದೆ. ಈಕೆ ಎಲ್ಲರಿಗೂ ಕೈಮುಗಿದು, ಯಾರು ಏನು ಕೇಳಿದರೂ ಪೂರ್ತಿ ಕೇಳಿಸಿಕೊಂಡು ಉತ್ತರ ಕೊಡುತ್ತಿದ್ದಳು. ಪರದೆಯ ಮೇಲೆ ಒಂದು ನಕ್ಷೆ ಹಾಕಿದಳು. ಊರು, ಕೆರೆ, ರಸ್ತೆ ಎಲ್ಲದರ ಮೇಲೆ ಒಂದು ಕೆಂಪು ಚೌಕ. ನಗರದ ಪ್ರಯಾಣಿಕರ ವಿಮಾನಗಳು ಜಾಸ್ತಿಯಾಗಿ ಅವುಗಳಿಗೆ ದಾರಿ ಬಿಡಬೇಕಾಯಿತು, ತರಬೇತಿಯ ಹಳೆಯ ಜಾಗ ಕಿರಿದಾಯಿತು, ಆದ್ದರಿಂದ ಈ ಕಡೆಗೆ ವಿಸ್ತರಿಸಬೇಕಾಯಿತು ಎಂದು ವಿವರಿಸಿದಳು.

ಪಕ್ಕದ ಮನೆಯ ಅಜ್ಜ ಎದ್ದು ನಿಂತರು. "ಅವ್ವಾ, ಭೂಮಿನೆಲ್ಲಾ ಸೈಟ್ ಮಾಡಿ ಮುಗೀತು. ಈಗ ಆಕಾಶಕ್ಕೂ ಗೂಟ ಹೊಡೆದ್ರಾ?"

ಜನ ನಕ್ಕರು. ಆಕೆಯೂ ನಕ್ಕಳು. "ಗೂಟ ನಾನು ಹೊಡೆದಿದ್ದಲ್ಲ ತಾತ" ಎಂದಳು. ಸಭೆ ಸ್ವಲ್ಪ ಹಗುರಾಯಿತು. ಅಷ್ಟರಲ್ಲಿ ಮೈಕು ಭಾವನ ಕೈಗೆ ಬಂತು.

ಭಾವ ನೆಟ್ಟಗೆ ನಿಂತು ತಮ್ಮ ಹುದ್ದೆ, ಕೆಲಸ ಮಾಡಿದ ಜಾಗಗಳನ್ನು ಹೇಳಿದರು. ಹೇಳಿ ಮುಗಿಸುವ ಮೊದಲೇ ಆ ಅಧಿಕಾರಿ ಕುರ್ಚಿಯಿಂದ ಎದ್ದು ನಿಂತಳು. ಕೂತುಕೊಂಡು ಅವರ ಜೊತೆ ಮಾತಾಡುವುದು ತನಗೆ ತಕ್ಕುದಲ್ಲ ಎನ್ನುವ ಹಾಗೆ, ಕೈಗಳನ್ನು ಬದಿಗೆ ಇಳಿಬಿಟ್ಟು.

"ಯಾವ ಟ್ರೇಡ್ ಸಾರ್?" ಎಂದು ಗಟ್ಟಿಯಾಗಿ ಕೇಳಿದಳು. ಅವರಿಗೆ ಕಿವಿ ಮಂದ ಎಂದು ಹೇಗೋ ಅರ್ಥವಾಗಿತ್ತು.

"ಇಂಜಿನ್ ಫಿಟ್ಟರ್, ಮೇಡಂ."

"ನಿಮ್ಮಂಥವರು ಈ ಊರಲ್ಲಿ ಇರೋದು ನಮ್ಮ ಪುಣ್ಯ ಸಾರ್. ನಾನು ಹೇಳೋದಕ್ಕಿಂತ ನೀವು ಹೇಳಿದ್ರೆ ಜನಕ್ಕೆ ಅರ್ಥ ಆಗತ್ತೆ. ನೀವೇ ಹೇಳಿ."

ಭಾವ ಮೈಕನ್ನು ಬಾಯಿಯ ಹತ್ತಿರಕ್ಕೆ ತಂದರು. ನಾನು ಅಕ್ಕನ ಕೈ ಹಿಡಿದುಕೊಂಡಿದ್ದೆ. ಅವರು ಒಮ್ಮೆ ನಮ್ಮ ಕಡೆ ನೋಡಿದರು. ಆಮೇಲೆ ಜನರ ಕಡೆ ತಿರುಗಿ, "ಮಕ್ಳು ಕಲೀಬೇಕು. ನಾವು ಸ್ವಲ್ಪ ಸಹಿಸ್ಕೋಬೇಕು. ದೇಶ ಅಂದ್ಮೇಲೆ ಅಷ್ಟು ಇರತ್ತೆ" ಎಂದರು. ಮುಂದಿನ ಸಾಲಿನ ಒಂದಿಬ್ಬರು ಚಪ್ಪಾಳೆ ಹೊಡೆದರು. ಹಿಂದಿನಿಂದ ಯಾರೋ, "ಅವರಿಗೇನು, ಕಿವುಡ್ರು!" ಎಂದು ಕೂಗಿದರು. ಅದು ಮಾತ್ರ ಅವರಿಗೆ ಕೇಳಿಸಿತೋ ಏನೋ, ಥಟ್ಟನೆ ಕೂತುಬಿಟ್ಟರು.

ಅಕ್ಕ ನನ್ನ ಕೈ ಬಿಡಿಸಿಕೊಂಡು ಎದ್ದು ಹೊರಗೆ ಹೋದಳು.

ನಾನು ಭಾವನ ಜೊತೆ ನಿಧಾನವಾಗಿ ನಡೆದು ಬಂದೆ. ಕೆರೆಯ ಏರಿಯ ಮೇಲೆ ಬಂದಾಗ ಅವರು ನಿಂತರು. ಕೋಟು ತೆಗೆದು ತೋಳಿನ ಮೇಲೆ ಹಾಕಿಕೊಂಡಿದ್ದರು, ಪದಕಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

"ಹೇಳ್ಬೇಕು ಅಂತಾನೇ ಹೋಗಿದ್ದೆ ಕಣಮ್ಮ. ಹಸು ವಿಷಯನೂ ಹೇಳ್ಬೇಕು ಅಂತಿದ್ದೆ. ಆ ಹುಡುಗಿ ಎದ್ದು ನಿಂತ್ಬಿಟ್ಳು. ನನ್ನ ನೋಡಿ ಯಾರಾದ್ರೂ ಎದ್ದು ನಿಂತು ಎಷ್ಟು ವರ್ಷ ಆಗಿತ್ತೋ. ಬಾಯಿಗೆ ಬೇರೆ ಮಾತೇ ಬರ್ಲಿಲ್ಲ."

ಅವರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ಹೊರಟವಳಿಗೆ ಕೋಪವೂ ಬರಲಿಲ್ಲ.

ಮನೆಗೆ ಬಂದಾಗ ಅಕ್ಕ ಬಟ್ಟೆ ತುಂಬಿಕೊಂಡಿದ್ದಳು. ಅಳುತ್ತಿರಲಿಲ್ಲ, ಕೂಗಾಡಲೂ ಇಲ್ಲ. ಹಸುವಿಗೆ ಹುಲ್ಲು ಹಾಕಿ, ರಾತ್ರಿಗೆ ಮುದ್ದೆ ತಿರುವಿಟ್ಟು, ಸೊಪ್ಪಿನ ಸಾರು ಮುಚ್ಚಿಟ್ಟು, "ಸ್ವಲ್ಪ ದಿನ ಇವಳ ಮನೇಲಿ ಇರ್ತೀನಿ ರೀ. ನಿದ್ದೆ ಮಾಡ್ಬೇಕು ನಾನು" ಎಂದಳು. ಭಾವ ಬ್ಯಾಗು ಎತ್ತಿಕೊಂಡು ಬಸ್ ಸ್ಟಾಪಿನವರೆಗೆ ಬಂದರು.

ವಿಜಯನಗರದಲ್ಲಿ ನನ್ನ ಮನೆ ಇರುವ ಬೀದಿಯಲ್ಲಿ ಹಗಲೆಲ್ಲಾ ಗಲಾಟೆ. ಆಟೋ, ತಳ್ಳುಗಾಡಿಯ ತರಕಾರಿಯವರು, ಎದುರು ಮನೆಯ ಮಿಕ್ಸಿ, ಮೇಲಿನವರ ಟಿವಿ. ಅಕ್ಕನಿಗೆ ಇಲ್ಲಿ ನಿದ್ದೆ ಬರುತ್ತದೆಯೇ ಎಂದು ನನಗೆ ಅನುಮಾನವಿತ್ತು. ಮೊದಲ ವಾರ ಅವಳು ಊಟಕ್ಕೆ ಏಳುವುದು ಬಿಟ್ಟರೆ ಮಲಗಿಯೇ ಇದ್ದಳು.

"ಇಷ್ಟು ಸದ್ದಿನಲ್ಲಿ ಹೇಗೆ ನಿದ್ದೆ ಬರತ್ತೆ ನಿಂಗೆ?"

"ಇದು ಇರೋ ಸದ್ದು ಕಣೇ. ಅದು ಮೇಲೆ ಬೀಳೋ ಸದ್ದು."

ಸ್ವಲ್ಪ ದಿನ ಎಂದದ್ದು ತಿಂಗಳುಗಳಾದವು. ಇಬ್ಬರ ನಡುವೆ ಜಗಳವೇನೂ ಇರಲಿಲ್ಲ. ಆದರೆ ಫೋನಿನಲ್ಲಿ ಮಾತಾಡುವುದು ಆಗುತ್ತಿರಲಿಲ್ಲ. ಅಕ್ಕ "ಊಟ ಆಯ್ತಾ?" ಎಂದರೆ ಭಾವ "ಹಾಲಾ? ಡೈರಿಗೆ ಹಾಕ್ದೆ" ಎನ್ನುತ್ತಿದ್ದರು. ಅಕ್ಕ ಕೂಗಿ ಕೂಗಿ, ಕೊನೆಗೆ ಬೀದಿಯವರೆಲ್ಲಾ ಕೇಳಿಸಿಕೊಳ್ಳುತ್ತಾರೆ ಎಂದು ನಾಚಿ ಇಟ್ಟುಬಿಡುತ್ತಿದ್ದಳು. ಜೊತೆಯಲ್ಲಿದ್ದಾಗ ಅವರು ಅವಳ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದರು ಎಂಬುದು ನಮಗೆ ಆಗಲೇ ಗೊತ್ತಾದದ್ದು.

ಒಂದು ಶನಿವಾರ ಭಾವನೇ ನಮ್ಮ ಮನೆಗೆ ಬಂದು ನನಗೆ ಹೇಳಿದರು. "ಆ ಕಿವಿ ಮಿಶಿನ್ ಹಾಕಿಸ್ಕೊಂಡ್ಬಿಡ್ತೀನಿ ಕಣಮ್ಮ. ಅವಳ ಹತ್ರ ಮಾತಾಡ್ಬೇಕು." ಅಷ್ಟು ವರ್ಷ ಅಕ್ಕ ಕೇಳಿಕೊಂಡರೂ ಬೇಡ ಎಂದಿದ್ದವರು. ರಾಜಾಜಿನಗರದಲ್ಲಿ ಒಂದು ಕ್ಲಿನಿಕ್ಕಿಗೆ ನಾನೇ ಕರೆದುಕೊಂಡು ಹೋದೆ. ಅಲ್ಲಿಯ ಹುಡುಗಿ ಬಲಗಿವಿಗೆ ಯಂತ್ರ ಕೂರಿಸಿ ಏನೋ ತಿರುಗಿಸಿದಳು. ಭಾವ ತಲೆ ಎತ್ತಿ ಫ್ಯಾನ್ ನೋಡಿದರು. "ಇದು ಇಷ್ಟು ಸದ್ದು ಮಾಡತ್ತಾ?" ಎಂದರು. ಎದ್ದು ನಡೆದು ತಮ್ಮ ಚಪ್ಪಲಿಯ ಸದ್ದು ಕೇಳಿ ನಿಂತರು, ಮತ್ತೆ ನಡೆದರು. ಸಂಜೆ ನಮ್ಮ ಮನೆಯಲ್ಲಿ ಅಕ್ಕ ಅಡುಗೆಮನೆಯಿಂದ, ಬೆನ್ನು ಮಾಡಿಕೊಂಡೇ, "ಉಪ್ಪು ಸರಿಯಿದೆಯೇನ್ರೀ?" ಎಂದಳು. "ಸರಿಯಿದೆ ಕಣೇ" ಎಂದರು ಭಾವ. ಸೌಟು ಹಿಡಿದ ಅಕ್ಕನ ಕೈ ಅಲ್ಲೇ ನಿಂತಿತು. ಅವಳು ತಿರುಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು ನನಗೆ ಕಾಣಿಸಿತು.

ಭಾನುವಾರ ಅವರು ಊರಿಗೆ ಹೋದರು. ರಾತ್ರಿ ಊಟದ ಹೊತ್ತಿಗೆ ಫೋನು ಮಾಡಿ ಅಕ್ಕನ ಜೊತೆ ಬಹಳ ಹೊತ್ತು ಮಾತಾಡಿದರು. ಅವಳು ನಗುತ್ತಿದ್ದಳು. ಸೋಮವಾರ ಫೋನು ಬರಲಿಲ್ಲ. ನಾವು ಮಾಡಿದರೆ ಎತ್ತಲಿಲ್ಲ. ಮಂಗಳವಾರ ಪಕ್ಕದ ಮನೆಯ ಅಜ್ಜನಿಗೆ ಫೋನು ಮಾಡಿದೆ. "ಮನೆಲೇ ಅವ್ರೆ ಕಣವ್ವ. ಜಗುಲಿ ಮ್ಯಾಲೆ ಕೂತವ್ರೆ. ಮಾತಾಡ್ಸಿದ್ರೆ ಆಡಾಕಿಲ್ಲ" ಎಂದರು.

ನಾವಿಬ್ಬರೂ ಹೋದೆವು. ಭಾವ ಜಗುಲಿಯ ಮೇಲೆಯೇ ಇದ್ದರು. ಯಂತ್ರ ಡಬ್ಬಿಯಲ್ಲಿ, ಡಬ್ಬಿ ಅವರ ಪಕ್ಕದಲ್ಲಿ. ಅಕ್ಕ ಎದುರು ಕೂತು ಮುಖ ನೋಡಿದಳು.

"ಸೋಮವಾರ ಬೆಳಿಗ್ಗೆ ಅದನ್ನ ಹಾಕ್ಕೊಂಡೇ ತಾರಸಿಗೆ ಹೋಗಿದ್ದೆ" ಎಂದರು. "ಚೆನ್ನಾಗಿ ಕೇಳ್ಬೋದು ಅಂತ ಆಸೆಯಿಂದ ಹೋಗಿದ್ದೆ." ಡಬ್ಬಿಯನ್ನು ಆಚೆಗೆ ಸರಿಸಿದರು. "ತಲೆ ಒಳಗೆ ಏನೋ ಒಡೆದುಹೋಯ್ತು ಅನ್ಕೊಂಡೆ. ಕೂತ್ಬಿಟ್ಟೆ. ಎರಡನೇದು ಬರೋ ಅಷ್ಟರಲ್ಲಿ ಮಿಶಿನ್ ಕಿತ್ತು ಹಾಕೋಕೂ ಆಗ್ಲಿಲ್ಲ. ಆಮೇಲೆ ನವಿಲು ಕೂಗಿದ್ದು ಕೇಳಿಸ್ತು. ಅವು ಹಾಗೆ ಕೂಗ್ತವೆ ಅಂತ ನೀನು ಯಾವತ್ತೂ ಹೇಳ್ಲಿಲ್ಲ."

"ಹೇಳಿದ್ದೆ ರೀ" ಎಂದಳು ಅಕ್ಕ.

ಭಾವ ತಲೆಯಾಡಿಸಿದರು. ಅವರಿಗೆ ಕೇಳಿಸಿತೋ, ತುಟಿ ನೋಡಿ ಅರ್ಥವಾಯಿತೋ, ತಿಳಿಯದು.

ಆಮೇಲೆ ಅವರು ತಾವಾಗಿಯೇ ಹೋಗಿ ಆ ಅಧಿಕಾರಿಯನ್ನು ಕಂಡು ಬಂದರು. ಅವತ್ತು ಸಭೆಯಲ್ಲಿ ಹೇಳಬೇಕಾಗಿದ್ದನ್ನೆಲ್ಲಾ ಹೇಳಿದರಂತೆ: ಹಸುವಿನ ವಿಷಯ, ಕೆರೆಯ ಹಕ್ಕಿಗಳ ವಿಷಯ, ಹೆಂಡತಿಯ ವಿಷಯ. ಆಕೆ ಈ ಸಲವೂ ಎದ್ದು ನಿಂತೇ ಕೇಳಿಸಿಕೊಂಡಳಂತೆ, ಕಾಫಿ ತರಿಸಿಕೊಟ್ಟಳಂತೆ. ಮೇಲಿನವರಿಗೆ ತಿಳಿಸುತ್ತೇನೆ, ನಕ್ಷೆ ಮತ್ತೆ ಪರಿಶೀಲನೆಗೆ ಬಂದಾಗ ನೋಡುತ್ತಾರೆ ಎಂದಳಂತೆ. ಯಾವಾಗ ಬರುತ್ತದೆ ಎಂದು ಆಕೆಗೂ ಗೊತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಆಕೆಗೆ ಬೇರೆ ಕಡೆ ವರ್ಗವಾಯಿತು ಎಂದು ತಿಳಿಯಿತು.

ಮಳೆಗಾಲದ ಮೋಡ ಕವಿದ ವಾರಗಳಲ್ಲಿ ಹಾರಾಟ ಕಡಿಮೆಯಾಗಿತ್ತು. ಅಕ್ಕ ಆಸೆಯಿಂದ ಊರಿಗೆ ಮರಳಿದಳು. ಕನಕಾಂಬರದ ಮಡಿ ಕೆದಕಿ ಗೊಬ್ಬರ ಹಾಕಿದಳು. ದಸರೆಯ ಹೊತ್ತಿಗೆ ಆಕಾಶ ತಿಳಿಯಾಯಿತು, ವಿಮಾನಗಳು ಬಂದವು. ದೀಪಾವಳಿಗೆ ಮೊದಲೇ ಅಕ್ಕ ಮತ್ತೆ ನನ್ನ ಮನೆಯಲ್ಲಿದ್ದಳು. ಹಸುವನ್ನು ಮಾಗಡಿ ರಸ್ತೆಯ ಕಡೆಯ ಒಬ್ಬರಿಗೆ ಮಾರಿದರು. ಅದು ಆಮೇಲೆ ಗಬ್ಬ ಕಟ್ಟಿರಲಿಲ್ಲ. ಜಾಲಿ ಮರಗಳಲ್ಲಿ ಆ ವರ್ಷ ಗೂಡು ಕಟ್ಟುವ ಕಾಲಕ್ಕೆ ಹಕ್ಕಿಗಳು ಇಳಿಯಲೇ ಇಲ್ಲ. ಹಿಕ್ಕೆಯಿಂದ ಸದಾ ಸುಣ್ಣ ಬಳಿದ ಹಾಗಿರುತ್ತಿದ್ದ ಕೊಂಬೆಗಳು ಮಳೆಗೆ ತೊಳೆದು ಕಪ್ಪಾಗಿದ್ದವು. ನವಿಲುಗಳು ಎಲ್ಲಿಗೆ ಹೋದವೋ ಯಾರಿಗೂ ಗೊತ್ತಿಲ್ಲ. ಈಗ ವಿಮಾನದ ಹಿಂದೆ ನಾಯಿಗಳು ಮಾತ್ರ ಬೊಗಳುತ್ತವೆ.

ಮನೆ ಮಾರಿ ನಗರಕ್ಕೆ ಬಂದುಬಿಡಿ ಎಂದು ನಾನು ಹೇಳಿ ನೋಡಿದೆ. ಕೊಳ್ಳಲು ಬಂದವರು ಎರಡು ದಿನ ತಲೆಯ ಮೇಲಿನ ಸದ್ದು ಕೇಳಿ ಮತ್ತೆ ಬರಲಿಲ್ಲ. ನನ್ನದು ಎರಡು ಕೋಣೆಯ ಮನೆ, ಭಾವನಿಗೆ ನಾದಿನಿಯ ಮನೆಯಲ್ಲಿ ನೆಲೆ ನಿಲ್ಲಲು ಮನಸ್ಸಿಲ್ಲ. ವಾರದ ದಿನಗಳಲ್ಲಿ ಯಂತ್ರ ಹಾಕಿಕೊಂಡು ಅವರು ಊರಿನಲ್ಲಿ ಇರಲಾರರು. ಹಾಕಿಕೊಳ್ಳದಿದ್ದರೆ ಹೆಂಡತಿಯ ಮಾತು ಕೇಳಿಸದು. ಹೀಗಾಗಿ ಅವರು ವಾರವೆಲ್ಲಾ ಕಿವುಡರಾಗಿಯೇ ಇರುತ್ತಾರೆ. ತಾರಸಿಗೆ ಹೋಗುವುದಿಲ್ಲ. ಕುರ್ಚಿ ಬಿಸಿಲಿಗೆ ಬಿರಿದು ಅಲ್ಲೇ ಬಿದ್ದಿದೆ.

ಭಾನುವಾರ ಅಕ್ಕ ಬೆಳಿಗ್ಗೆ ಬೇಗನೆ ಎದ್ದು, ತಲೆಗೆ ನೀರು ಹಾಕಿಕೊಂಡು, ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ತನ್ನ ಮನೆಗೆ ಹೋಗುತ್ತಾಳೆ. ಮನೆ ಗುಡಿಸಿ, ಅಡುಗೆ ಮಾಡಿ, ವಾರಕ್ಕಾಗುವಷ್ಟು ಚಟ್ನಿಪುಡಿ ಮಾಡಿಟ್ಟು, ಸಂಜೆ ವಾಪಸು ಬರುತ್ತಾಳೆ. ಕೆಲವೊಮ್ಮೆ ನಾನೂ ಜೊತೆಗೆ ಹೋಗುತ್ತೇನೆ. ಕಳೆದ ಭಾನುವಾರ ಮೂವರೂ ಹಿತ್ತಲಲ್ಲಿ ಕೂತಿದ್ದೆವು. ಅವರಿಬ್ಬರೂ ದನಿ ತಗ್ಗಿಸಿ ಏನೋ ಮಾತಾಡುತ್ತಿದ್ದರು. ದನಿ ತಗ್ಗಿಸಿ ಮಾತಾಡುವುದನ್ನು ಅವರು ಈ ವಯಸ್ಸಿನಲ್ಲಿ ಕಲಿತಿದ್ದಾರೆ. ಪಕ್ಕದ ಮನೆಯ ಅಜ್ಜ ಬೇಲಿಯ ಹತ್ತಿರ ಬಂದು ನಿಂತರು.

"ಇನ್ಮುಂದೆ ಭಾನ್ವಾರನೂ ಹಾರುಸ್ತಾರಂತೆ ಕಣವ್ವ. ಹುಡುಗ್ರು ಜಾಸ್ತಿ ಸೇರವ್ರಂತೆ ಕಲಿಯಾಕೆ. ನಿಜವೋ ಸುಳ್ಳೋ ಗೊತ್ತಿಲ್ಲ."

ಭಾವ ಅಕ್ಕನ ಮುಖ ನೋಡಿದರು. ಅವಳು ಬಿಸಿಲಿಗೆ ಹಾಕಿದ್ದ ಮೆಣಸಿನಕಾಯಿಯನ್ನು ಮೊರದಲ್ಲಿ ಅತ್ತಿತ್ತ ಹರವುತ್ತಿದ್ದಳು.

"ಸೋಮವಾರ ಬಿಡ್ತಾರೇನೋ ಕೇಳಿ ಹಾಗಾದ್ರೆ" ಎಂದು ಹೇಳಿ, ಎದ್ದು ಒಳಗೆ ಹೋದಳು.